ಮೊದಲ ಟ್ರ್ಯಾಕ್ ಡೇಗೆ ರಸ್ತೆ ಟೈರೇ ಸಾಕು ಕಣೋ

ಕೊಯಮತ್ತೂರಿಗೆ ಹೊರಟಿದ್ದೀಯಂತೆ, ಕರಿ ಮೋಟಾರ್ ಸ್ಪೀಡ್‌ವೇಗೆ? ನಿಮ್ಮಮ್ಮ ಈಗ ತಾನೇ ಹೇಳಿದ್ರು. ಸಂತೋಷ ಕಣೋ. ಬೆಂಗಳೂರಿನ ನೈಸ್ ರೋಡಲ್ಲಿ ಗಾಡಿ ಹಾರಿಸೋದಕ್ಕಿಂತ ರೇಸ್ ಟ್ರ್ಯಾಕಿಗೆ ಹೋಗಿ ಕಲಿಯೋದು ಸಾವಿರ ಪಾಲು ಮೇಲು. ಆದ್ರೆ ನಿನ್ನ ಸ್ವಿಫ್ಟಿಗೆ ಟ್ರ್ಯಾಕಿಗೆ ಹೊಂದೋ ಸೆಮಿ ಸ್ಲಿಕ್ ಟೈರು ಹುಡುಕ್ತಿದ್ದೀಯಂತಲ್ಲ, ಅದನ್ನ ಸದ್ಯಕ್ಕೆ ಬಿಡು. ಒಳ್ಳೇ ರಸ್ತೆ ಟೈರಲ್ಲೇ ಹೋಗು.

ಯಾಕೆ ಅಂತೀಯಾ? ರಸ್ತೆ ಟೈರು ಹಿಡಿತ ಬಿಡೋ ಮುಂಚೆ ಕಿರುಚುತ್ತೆ, ಸ್ಟೀರಿಂಗು ಹಗುರಾಗುತ್ತೆ, ಆಮೇಲೆ ಮೆಲ್ಲಗೆ ಜಾರುತ್ತೆ. ಕಡಿಮೆ ವೇಗದಲ್ಲೇ ಇದೆಲ್ಲಾ ಆಗೋದ್ರಿಂದ ತಪ್ಪು ಎಲ್ಲಾಯ್ತು ಅಂತ ಕೈಗೆ ಗೊತ್ತಾಗುತ್ತೆ, ತಿದ್ದಿಕೊಳ್ಳೋಕೆ ಪುರುಸೊತ್ತೂ ಇರುತ್ತೆ. ಸೆಮಿ ಸ್ಲಿಕ್ ನಿನ್ನ ಎಷ್ಟೋ ತಪ್ಪನ್ನ ನುಂಗಿಕೊಂಡು ಹೋಗುತ್ತೆ. ಬಿಟ್ಟಾಗ ಮಾತ್ರ ಜೋರು ವೇಗದಲ್ಲಿ, ಥಟ್ಟಂತ ಬಿಡುತ್ತೆ. ಜೊತೆಗೆ ಅದರ ಗ್ರೂವು ಕಡಿಮೆ. ವಾಪಸ್ ಬರೋವಾಗ ಮಳೆ ಹಿಡಿದ್ರೆ ನೀರಿನ ಮೇಲೆ ತೇಲುತ್ತೆ. ಅದೇ ಟೈರಲ್ಲಿ ತಾನೇ ನೀನು ಬೆಂಗಳೂರು ಸೇರಬೇಕು?

ಹಾಗಂತ ಯಾವುದೋ ಒಂದು ಟೈರಾದ್ರೂ ನಡೆಯುತ್ತೆ ಅಂದ್ಕೋಬೇಡ. ಟೈರಿನ ಪಕ್ಕೆಯಲ್ಲಿ ಬರೆದಿರೋದನ್ನ ಓದು. ಕೆಲವು ಟೈರಲ್ಲಿ ಟ್ರೆಡ್‌ವೇರ್ ಅಂತ ಒಂದು ನಂಬರ್ ಇರುತ್ತೆ, ಅಮೆರಿಕದ ಲೆಕ್ಕ ಅದು. 100 ಅನ್ನೋದು ಅಳತೆಗೋಲು. 300 ಇದ್ರೆ ಅದರ ಮೂರರಷ್ಟು ಬಾಳಿಕೆ. ನಂಬರ್ ಇಳಿದಷ್ಟೂ ರಬ್ಬರ್ ಮೆತ್ತಗೆ, ಹಿಡಿತ ಜಾಸ್ತಿ ಅಂತ ಸುಮಾರಾಗಿ ತಿಳ್ಕೋ. ಆದ್ರೆ ಆ ನಂಬರ್ ಕೊಡೋದು ಟೈರ್ ಮಾಡೋರೇ, ಹಾಗಾಗಿ ಒಂದು ಕಂಪನಿದನ್ನ ಇನ್ನೊಂದರ ಜೊತೆ ತೂಗಿ ನೋಡೋಕಾಗಲ್ಲ. ಟ್ರ್ಯಾಕಿಗೆ ಹೋಗೋರು ಹುಡುಕೋದು 200ರ ಟೈರನ್ನ. 2020ರ ಜೂನ್‌ನಲ್ಲಿ ನಮ್ಮ ಸರ್ಕಾರ ಹೊಸ ಕಾರ್ ಟೈರುಗಳ ಆಮದಿಗೆ ಕಡಿವಾಣ ಹಾಕಿದ ಮೇಲೆ ಅಂಥವು ನಮ್ಮಲ್ಲಿ ಸಿಗೋದೇ ಕಷ್ಟವಾಗಿದೆ.

ತಯಾರಾದ ತಾರೀಖೂ ಅಲ್ಲೇ ಇರುತ್ತೆ. DOT ಅಂತ ಶುರುವಾಗೋ ಸಂಕೇತದ ಕೊನೇಲಿ 1824 ಅಂತಿದ್ರೆ 2024ರ 18ನೇ ವಾರದ್ದು. ಗ್ರೂವು ಎಷ್ಟೇ ಚೆನ್ನಾಗಿರ್ಲಿ, ಹಳೇದಾಗಿ ಗಟ್ಟಿಯಾದ ರಬ್ಬರು ಟಾರನ್ನ ಕಚ್ಚಲ್ಲ. ಇನ್ನೊಂದು, ದುಡ್ಡು ಉಳಿಸೋಕೆ ಅಂತ ಮುಂದಿನ ಎರಡಕ್ಕೆ ಮಾತ್ರ ಒಳ್ಳೇ ಟೈರ್ ಹಾಕ್ಬೇಡ. ಮುಂದೆ ಹಿಡಿತ ಜಾಸ್ತಿಯಾಗಿ ಹಿಂದೆ ಕಡಿಮೆಯಾದ್ರೆ ತಿರುವಲ್ಲಿ ಗಾಡಿಯ ಹಿಂಭಾಗ ಸುತ್ತಿಕೊಂಡು ಬರುತ್ತೆ. ನಾಲ್ಕೂ ಒಂದೇ ಥರದ್ದಿರ್ಲಿ.

ಇನ್ನು ಗಾಳಿ. ಟೈರಿಗೆ ಸುರಿಯೋ ದುಡ್ಡಿಗಿಂತ ಇದರ ಕಡೆಗೆ ಕೊಡೋ ಗಮನ ದೊಡ್ಡದು. ಬೆಳಿಗ್ಗೆ ತಣ್ಣಗಿದ್ದಾಗ 32 ಪಿಎಸ್‌ಐ ಇದ್ದದ್ದು ನಾಲ್ಕೈದು ಸುತ್ತು ಜೋರಾಗಿ ಓಡಿಸೋದ್ರೊಳಗೆ 37–38ಕ್ಕೆ ಏರಿಬಿಡಬಹುದು. ಆಗ ಟೈರಿನ ನಡುಭಾಗ ಉಬ್ಬಿ, ನೆಲ ಮುಟ್ಟೋ ರಬ್ಬರು ಕಮ್ಮಿಯಾಗುತ್ತೆ. ಒಂದು ಒಳ್ಳೇ ಗೇಜ್ ತಗೋ, ಪಿಟ್ಟಿಗೆ ಬಂದ ಕೂಡ್ಲೇ ನೋಡು, ಬೇಕಾದಷ್ಟು ಇಳಿಸು, ಬರ್ಕೊ. ಟೈರಿನ ಭುಜದ ಮೇಲೆ ಚಾಕ್‌ಪೀಸಲ್ಲಿ ಗೆರೆ ಎಳೆದುಬಿಡು. ಅಲ್ಲಿ ಸಣ್ಣ ತ್ರಿಕೋನದ ಗುರುತಿರುತ್ತೆ. ಗೆರೆ ಆ ಗುರುತನ್ನೂ ದಾಟಿ ಅಳಿಸಿದ್ರೆ ಗಾಳಿ ಸಾಲ್ದು, ಗುರುತಿನ ಹತ್ರಾನೂ ಬಂದಿಲ್ಲ ಅಂದ್ರೆ ಜಾಸ್ತಿ. ಪ್ರತಿ ಸಲಾನೂ ಕೊನೇ ಸುತ್ತನ್ನ ನಿಧಾನಕ್ಕೆ ಓಡಿಸಿ ಟೈರು, ಬ್ರೇಕು ಎರಡನ್ನೂ ಆರಿಸು.

ಸಂಜೆ ಹೊರಡೋ ಮುಂಚೆ ನಾಲ್ಕೂ ಟೈರನ್ನ ಸುತ್ತಲೂ ನೋಡು. ನಿನ್ನದು ಮುಂದಿನ ಚಕ್ರ ಎಳೆಯೋ ಗಾಡಿ, ಮುಂದಿನವೇ ಹೆಚ್ಚು ಸವೆಯೋದು. ಗ್ರೂವು 1.6 ಮಿಲಿಮೀಟರಿಗಿಂತ ಕಮ್ಮಿಯಿದ್ರೆ ರಸ್ತೆಗೆ ಇಳೀಬೇಡ. ಇಳಿಸಿದ ಗಾಳಿಯನ್ನ ಮತ್ತೆ ಹೊಡಿಸ್ಕೊಂಡೇ ಹೊರಡು.

ಸೆಮಿ ಸ್ಲಿಕ್ಕಿಗೆ ಎತ್ತಿಟ್ಟ ದುಡ್ಡಲ್ಲಿ ಇನ್ನೊಂದು ಟ್ರ್ಯಾಕ್ ಡೇಗೆ ಹೆಸರು ಕೊಡು, ಪಕ್ಕದಲ್ಲಿ ಕೂತು ಹೇಳಿಕೊಡೋ ಗುರು ಸಿಕ್ಕಿದ್ರೆ ಅವರಿಗೂ ಅದರಲ್ಲೇ ಒಂದಿಷ್ಟು ಕೊಡು. ಈ ಟೈರಲ್ಲೇ ಸುತ್ತಿನ ಮೇಲೆ ಸುತ್ತು ಒಂದೇ ಸಮ ಓಡಿಸೋಕೆ ಬಂದ ಮೇಲೆ ಹೇಳು, ಯಾವ 200ರ ಟೈರು ತಗೋಬೇಕು ಅಂತ ಇಬ್ರೂ ಕೂತು ನೋಡೋಣ.