ನಸುಕಿನಲ್ಲಿ ನಡೆಯಿರಿ ಎಂದ ಉಪನ್ಯಾಸಕರಿಗೆ

ಮಾನ್ಯರೇ,

ಮೇ 12ರ ದಾದಿಯರ ದಿನಾಚರಣೆಗೆ ಬಂದು ನಮ್ಮ ಸೊಂಟದ ಬಗ್ಗೆ ಮಾತಾಡಿದ್ದಕ್ಕೆ ವಂದನೆಗಳು. ಕಾರ್ಯಕ್ರಮ ಬೆಳಿಗ್ಗೆ ಹತ್ತಕ್ಕೆ ಇದ್ದುದರಿಂದ, ಎಂಟಕ್ಕೆ ನೈಟ್ ಡ್ಯೂಟಿ ಮುಗಿಸಿದವರೆಲ್ಲ ಮನೆಗೆ ಹೋಗದೆ ಕೂತು ಕೇಳಿದೆವು. ಹಿಂದಿನ ಸಾಲಿನವರು ತಲೆಯಾಡಿಸಿದ್ದನ್ನು ತಾವು ಒಪ್ಪಿಗೆ ಎಂದುಕೊಂಡಿದ್ದರೆ ಹಾಗೇ ಇರಲಿ.

ಹೆಂಗಸರ ಸೊಂಟದ ಸುತ್ತಳತೆ 80 ಸೆಂಟಿಮೀಟರ್ ದಾಟಬಾರದು, ರಾತ್ರಿ ಎಂಟರ ಮೇಲೆ ತಿನ್ನಬಾರದು, ನಸುಕಿನಲ್ಲಿ ನಡೆಯಬೇಕು ಎಂದಿರಿ. ನಸುಕಿನ ನಡಿಗೆ ನಡೆದೇ ಇದೆ, ಒಂದು ಡ್ರಿಪ್ ಸ್ಟ್ಯಾಂಡಿನಿಂದ ಇನ್ನೊಂದಕ್ಕೆ. ಆದರೆ ರಾತ್ರಿ ಎಂಟಕ್ಕೇ ನಮ್ಮ ದಿನ ಶುರು. ಎರಡು ಗಂಟೆಗೆ ಗೇಟಿನಾಚೆ ಸಿಗುವುದು ಮಂಡಕ್ಕಿ ಒಗ್ಗರಣೆ, ಮಿರ್ಚಿ, ಸಕ್ಕರೆ ಮುಂದಾದ ಚಹಾ. ಸೊಪ್ಪು ಮಾರುವವನು ಆಗ ಮಲಗಿರುತ್ತಾನೆ. ಅವನೂ ತಮ್ಮ ಉಪನ್ಯಾಸ ಕೇಳಿರಬೇಕು.

ತೋರಣಗಲ್ಲಿನ ಉಕ್ಕಿನ ಕುಲುಮೆಗೆ ಹಗಲು ರಾತ್ರಿ ಒಂದೇ, ಮೇದೋಜೀರಕಕ್ಕೆ ಹಾಗಲ್ಲ. ರಾತ್ರಿ ಮೆಲಟೋನಿನ್ ಏರಿದಾಗ ಇನ್ಸುಲಿನ್ ತಗ್ಗುತ್ತದೆ. ಹಗಲು ತಿಂದಷ್ಟೇ ರೊಟ್ಟಿ ನಡುರಾತ್ರಿ ರಕ್ತದ ಸಕ್ಕರೆಯನ್ನು ಹೆಚ್ಚು ಏರಿಸುತ್ತದೆ. ದೇಹದ ಈ ಗಡಿಯಾರವನ್ನು ಬಿಚ್ಚಿ ತೋರಿಸಿದ ಮೂವರಿಗೆ 2017ರಲ್ಲಿ ನೊಬೆಲ್ ಸಿಕ್ಕಿತು. ಅಮೆರಿಕದ ಸುಮಾರು 1.77 ಲಕ್ಷ ದಾದಿಯರನ್ನು ವರ್ಷಗಟ್ಟಲೆ ಗಮನಿಸಿದ ಅಧ್ಯಯನವೊಂದು 2011ರಲ್ಲಿ ಬಂತು: 20 ವರ್ಷಕ್ಕೂ ಮಿಕ್ಕಿ ಸರದಿಯ ರಾತ್ರಿಪಾಳಿ ಮಾಡಿದವರಿಗೆ ಟೈಪ್ 2 ಸಕ್ಕರೆ ಕಾಯಿಲೆಯ ಅಪಾಯ ಶೇ. 58 ಹೆಚ್ಚು. ಮೈತೂಕದ ಪಾಲನ್ನು ಕಳೆದ ಮೇಲೂ ಶೇ. 24 ಉಳಿಯಿತು. ಅದನ್ನು ಯಾರ ನಾಲಿಗೆಚಪಲದ ಲೆಕ್ಕಕ್ಕೆ ಬರೆಯೋಣ? ತಮ್ಮ ಸ್ಲೈಡುಗಳಲ್ಲಿ ಮಿರ್ಚಿಯ ಚಿತ್ರವಿತ್ತು, ಡ್ಯೂಟಿ ಪಟ್ಟಿಯದಿರಲಿಲ್ಲ. (ಕೊನೆಗೆ ಹಂಚಿದ ಕೇಕಿನದೂ ಇರಲಿಲ್ಲ.)

ಹಗಲು ಕತ್ತಲೆ ಕೋಣೆಯಲ್ಲಿ ಮಲಗಿ ಎಂದಿರಿ. ಮೇ ತಿಂಗಳಲ್ಲಿ ಬಂಡ್ರಿಗೆ ಬಂದು, ಕಿಟಕಿ ಮುಚ್ಚಿ ಮಲಗಿ ನೋಡಿ. ಕಣ್ಣು ಹತ್ತುವಷ್ಟರಲ್ಲಿ "ಸಿಸ್ಟರಮ್ಮಾ, ಒಂಚೂರು ಬಿಪಿ ನೋಡ್ರಿ" ಎಂದು ಓಣಿಯವರು ಬಾಗಿಲು ಬಡಿಯುತ್ತಾರೆ. ಹಗಲು ಮಲಗುವ ಸೊಸೆಯ ಬಗ್ಗೆ ಅತ್ತೆಯವರ ಉಪನ್ಯಾಸ ಬೇರೆ. ಅದಕ್ಕೆ ಸ್ಲೈಡು ಬೇಕಿಲ್ಲ.

ಆದ್ದರಿಂದ ನಮ್ಮ ಮೇದೋಜೀರಕಕ್ಕೊಂದು ಮೆಮೊ ಕೊಟ್ಟು ಮೂರು ದಿನದಲ್ಲಿ ವಿವರಣೆ ಕೇಳಬೇಕಾಗಿ ವಿನಂತಿ. ಅದು ಡ್ಯೂಟಿ ಪಟ್ಟಿಯ ನಕಲು ಲಗತ್ತಿಸಿ ಉತ್ತರಿಸಿದರೆ, ಸಾಲು ರಾತ್ರಿಗಳಿಗೆ ಮಿತಿ, ನೈಟ್ ಮುಗಿಸಿದವರಿಗೆ ಪೂರ್ತಿ ಬಿಡುವು, ರಾತ್ರಿಯೂ ತೆರೆದಿರುವ ಕ್ಯಾಂಟೀನು, ಇಷ್ಟನ್ನು ಸ್ಲೈಡಿಗೆ ಸೇರಿಸಿ. ಮುಂದಿನ ಉಪನ್ಯಾಸ ರಾತ್ರಿ ಎರಡಕ್ಕೆ ವಾರ್ಡಿನಲ್ಲೇ ಇಡೋಣ. ಮಿರ್ಚಿ ನಮ್ಮ ಖರ್ಚು.

ಇಂತಿ,
ಬಂಡ್ರಿಯ ಒಬ್ಬ ದಾದಿ