ಹುಲಿಗೆ ಮಂಗಳವಾರ ರಜೆ

ಬೆಂಗಳೂರಿನ ಅಪ್ಪ-ಅಮ್ಮಂದಿರು ರಾಹುಕಾಲ ಮರೆತರೂ ಮರೆತಾರು, ವಾರದ ರಜೆ ಮರೆಯುವಂತಿಲ್ಲ. ಸೋಮವಾರ ನೆಹರು ತಾರಾಲಯದ ನಕ್ಷತ್ರಗಳಿಗೆ ರಜೆ. ಮಂಗಳವಾರ ಬನ್ನೇರುಘಟ್ಟದ ಹುಲಿ ಮುಖ ತೋರಿಸುವುದಿಲ್ಲ. ಮೈಸೂರಿಗೆ ಓಡೋಣವೆಂದರೆ ಅಲ್ಲಿನ ಜಿರಾಫೆಯೂ ಅಂದೇ ರಜೆ ಹಾಕಿರುತ್ತದೆ. ಪ್ರಾಣಿಗಳ ಒಗ್ಗಟ್ಟು ಮೆಚ್ಚಬೇಕು!

ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯಕ್ಕೆ ಮಾತ್ರ ವಾರದ ರಜೆಯೇ ಇಲ್ಲ, ಬೆಳಿಗ್ಗೆ 9.30ಕ್ಕೆ ಬಾಗಿಲು ತೆರೆದುಬಿಡುತ್ತದೆ. ಸರ್ ಎಂ.ವಿ. ಹೆಸರಿಟ್ಟುಕೊಂಡ ಮೇಲೆ ಸೋಮಾರಿತನ ಎಲ್ಲಿಂದ ಬರಬೇಕು?

ಆದರೆ ಮಗುವಿಗೂ ಅದರದ್ದೇ ವೇಳಾಪಟ್ಟಿ ಇರುತ್ತದಲ್ಲ. ಭಾನುವಾರ ಕೋಳಿ ಕೂಗುವ ಮೊದಲೇ ಎದ್ದು 'ಡೈನೋಸಾರ್ ತೋರ್ಸು' ಎಂದು ಮನೆಯನ್ನೇ ರಂಪ ಮಾಡುತ್ತದೆ. ಟ್ರಾಫಿಕ್ ದಾಟಿ, ಕ್ಯೂ ನಿಂತು, ಟಿಕೆಟ್ ಕೈಗೆ ಬರುವ ಹೊತ್ತಿಗೆ ಅಪ್ಪನ ಹೆಗಲ ಮೇಲೆ ಗೊರಕೆ. ದುಡ್ಡು ದಂಡವಾಗಬಾರದೆಂದು ಅಪ್ಪನೇ ಒಳಗೆ ಹೋಗಿ ಡೈನೋಸಾರ್ ನೋಡಿಕೊಂಡು ಬರುತ್ತಾನೆ.