ಸೀ–ಲುಕ್–ವಾಚ್ ಮೀಮಾಂಸೆ: ಕೊಳಕೂರ ಪ್ರಸ್ಥಾನ

ಆಕ್ಸ್‌ಫರ್ಡಿನ ದೊಡ್ಡ ನಿಘಂಟು 1884ರಿಂದ 1928ರವರೆಗೆ ಕಂತುಕಂತಾಗಿ ಅಚ್ಚಾಯಿತು. ಅದರ ಸಂಪಾದಕರು ಒಂದೇ ಒಂದು ಹಿಂಗಾರಿಗೆ ಜೇವರ್ಗಿ ತಾಲ್ಲೂಕಿನ ಕೊಳಕೂರಕ್ಕೆ ಬಂದುಹೋಗಿದ್ದರೆ ‘ಸೀ’, ‘ಲುಕ್’, ‘ವಾಚ್’ಗಳಿಗೆ ಅಷ್ಟೊಂದು ಪುಟ ಸುರಿಯಬೇಕಾಗಿರಲಿಲ್ಲ. ನಮ್ಮ ಗೈಡುಗಳಂತೂ ಮೂರಕ್ಕೂ ‘ನೋಡು’ ಎಂದು ಬರೆದು ಕೈತೊಳೆದುಕೊಂಡಿವೆ. ಪ್ರಸ್ತುತ ಪ್ರಬಂಧದ ಪ್ರತಿಜ್ಞೆ ಇಷ್ಟೆ: ಈ ಮೂರರ ಭೇದ ಕಣ್ಣಿನದಲ್ಲ, ಹೊಣೆಯದು. ಪ್ರಮಾಣ, ಬಿಳಿಜೋಳ. ಎರೆಹೊಲದಲ್ಲಿ ತೆನೆ ಹಾಲುಗಾಳಾದಾಗ ಗುಬ್ಬಿಯ ಹಿಂಡು ಇಳಿಯುತ್ತದೆ. ಬಸ್ಸಿನ ಕಿಟಕಿಯಿಂದ ಅದು ಕಣ್ಣಿಗೆ ಬಿದ್ದರೆ ‘ಸೀ’. ಪ್ರಯಾಣಿಕನಿಗೆ ಲಾಭವಿಲ್ಲ, ಲುಕ್ಸಾನೂ ಇಲ್ಲ. ಬದುವಿನ ಮೇಲೆ ನಿಂತು, ಸುಟ್ಟು ತಿನ್ನುವ ಸೀತನಿಗೆ ಯಾವ ತೆನೆ ಹದವಾಗಿದೆಯೆಂದು ಗೋಣು ಚಾಚಿದರೆ ‘ಲುಕ್’. ಬಯಕೆ ಸೇರಿತು, ಹೊಣೆ ಇನ್ನೂ ಸೇರಿಲ್ಲ. ಮಂಚಿಕೆ ಹತ್ತಿ, ಕವಣೆಗೆ ಕಲ್ಲಿಟ್ಟು, ಇನ್ನೂ ಬಾರದ ಗುಬ್ಬಿಗಾಗಿ ಕೂತರೆ ‘ವಾಚ್’. ಮೂರರಲ್ಲಿ ಕೂಲಿ ಇರುವುದು ಇದೊಂದಕ್ಕೇ.

ವ್ಯಾಕರಣವೂ ಇದಕ್ಕೆ ಸಾಕ್ಷಿ. ಹಕ್ಕಿ ಕಣ್ಣಿಗೆ ಬಿದ್ದುದನ್ನು ಹೇಳುವಾಗ ಇಂಗ್ಲಿಷಿನವರು ‘ಆಯ್ ಆಮ್ ಸೀಯಿಂಗ್’ ಅನ್ನುವುದಿಲ್ಲ. ‘ಲುಕಿಂಗ್’, ‘ವಾಚಿಂಗ್’ಗೆ ಅಡ್ಡಿಯಿಲ್ಲ. ಕೊಳಕೂರ ಇನ್ನೂ ಬಿಗಿ. ‘ನಾ ನೋಡ್ಲತ್ತೀನಿ’, ‘ನಾ ಕಾಯ್ಲತ್ತೀನಿ’ ಎಂದು ಎದೆಯುಬ್ಬಿಸುವವನು, ಕಾಣುವ ಮಾತು ಬಂದಕೂಡಲೇ ‘ನನಗ ಗುಬ್ಬಿ ಕಾಣ್ಲತ್ತಾವ’ ಎಂದು ಪ್ರಥಮಾ ವಿಭಕ್ತಿಯ ಗದ್ದುಗೆಯಿಳಿದು ಚತುರ್ಥಿಯ ಮೂಲೆ ಹಿಡಿಯುತ್ತಾನೆ. ಕೆಲಸವೆಲ್ಲ ಗುಬ್ಬಿಯದು, ಇವನದೇನಿದ್ದರೂ ಕಣ್ಣು ತೆರೆದಿದ್ದ ತಪ್ಪು. ಇನ್ನು ‘ವಾಚ್’ ಮತ್ತು ‘ವೇಕ್’ ಒಂದೇ ಹಳೆಯ ಬೇರಿನವು, ಅಂದಮೇಲೆ ನಿದ್ದೆಗೆಟ್ಟವನಿಗೇ ಆ ಪದ ಸಲ್ಲಬೇಕು. (ಮಂಚಿಕೆಯ ಮೇಲೆ ತೂಕಡಿಸಿದವನ ಕ್ರಿಯಾಪದವನ್ನು ಹೊಲದ ಒಡೆಯನೇ ನಿರ್ಣಯಿಸುತ್ತಾನೆ, ಅದು ಇಂಗ್ಲಿಷಿನದಾಗಿರುವುದಿಲ್ಲ.)

ಇಲ್ಲಿ ಪೂರ್ವಪಕ್ಷಿಗಳು ಏಳುತ್ತಾರೆ: ಟಾಕೀಸಿನ ಸಿನಿಮಾಕ್ಕೆ ‘ಸೀ’, ಮನೆಯ ಟಿವಿಗೆ ‘ವಾಚ್’ ಅನ್ನುತ್ತಾರಲ್ಲ, ಅಲ್ಲಿ ಗುಬ್ಬಿ ಎಲ್ಲಿ? ಇಂಗ್ಲಿಷಿನ ರೂಢಿ ಬಹುಮಟ್ಟಿಗೆ ಹಾಗಿರುವುದು ನಿಜ. ಆದರೆ ಟಾಕೀಸಿನಲ್ಲಿ ಟಿಕೆಟ್ ಹರಿದಲ್ಲಿಗೆ ನಮ್ಮ ಹೊಣೆ ತೀರಿತು. ಚಿತ್ರ ನಡುವೆ ನಿಂತರೆ ಸೀಟಿ ಹೊಡೆದರಾಯಿತು. ಮನೆಯಲ್ಲಿ ಕರೆಂಟು ಹೋದೀತು, ರಿಮೋಟು ಮಗ್ಗುಲವರ ಕೈಸೇರೀತು, ಒಲೆ ಮೇಲಿನ ಹಾಲು ಉಕ್ಕೀತು. ಇಷ್ಟನ್ನೂ ಕಾಯುತ್ತ ಕೂತವನು ಕವಣೆ ಹಿಡಿದವನಿಗಿಂತ ಯಾವುದರಲ್ಲಿ ಕಡಿಮೆ? ಕರೆಂಟಿನ ಭಯವಿಲ್ಲದ ಲಂಡನ್ನಿನವರೂ ಟಿವಿಗೆ ‘ವಾಚ್’ ಎನ್ನುವುದೇಕೆಂಬ ಮರುಪ್ರಶ್ನೆ ಈ ಪ್ರಬಂಧದ ವ್ಯಾಪ್ತಿಗೆ ಬರುವುದಿಲ್ಲ.